ದತ್ತಸಂಚಯ ಯಂತ್ರವೂ ಅಕಾರಾದಿ ಕ್ರಮವೂ

ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ವಿದ್ವಾಂಸರಿಗೆ ಪರಿಚಿತವಾದುದೇ ಆಗಿದೆ. ಕಾಣಿಯೂರಿನಂತಹ ತುಳು-ಕನ್ನಡ ಸೀಮೆಯ ವಿದ್ಯಾರ್ಥಿಯೊಬ್ಬನು ಇಂತಹ ಪದಸಂಗ್ರಹವನ್ನು ಗಣಕದಲ್ಲಿಡುವುದಕ್ಕಾಗಿ, ಡೇಟಾಬೇಸ್ ಎಂಜಿನ್ ಎಂದು ಹೆಸರುಳ್ಳ ದತ್ತಸಂಚಯ ಯಂತ್ರವನ್ನು ತಾನೇ ರಚಿಸಹೊರಟನೆಂದು ಭಾವಿಸೋಣ. ಅವನಿಗೆ ಮೂರು ಕಾರ್ಯಗಳು ಒದಗುತ್ತವೆ: ಇಡುವುದು, ಹುಡುಕುವುದು, ಕಾಪಾಡುವುದು.

ಇಡುವುದು ಸುಲಭ. ಬಂದ ಪದವನ್ನು ಕಡತದ ಕೊನೆಗೆ ಸೇರಿಸುತ್ತ ಹೋದರೆ ಸಾಕು. ಆದರೆ ಹುಡುಕುವಾಗ ಮೊದಲಿನಿಂದ ಕೊನೆಯವರೆಗೆ ಓದಬೇಕಾಗುವುದು. ಇದಕ್ಕೆ ಪರಿಹಾರವಾಗಿ ಬಾಯರ್ ಮತ್ತು ಮೆಕ್‌ಕ್ರೈಟ್ ಎಂಬವರು 1972ರಲ್ಲಿ ಪ್ರಕಟಿಸಿದ ‘ಬಿ-ಟ್ರೀ’ ಎಂಬ ವೃಕ್ಷರಚನೆಯುಂಟು. ಒಂದೊಂದು ಪುಟದಿಂದ ನೂರು ಕವಲುಗಳು ಹೊರಟರೆ, ಮೂರೇ ಹಂತಗಳಲ್ಲಿ ಹತ್ತು ಲಕ್ಷ ಪದಗಳ ನಡುವೆ ಬೇಕಾದುದನ್ನು ತಲಪಬಹುದು.

ಕಾಪಾಡುವ ಬಗೆ ಹೀಗೆ: ಮಾಡಲಿರುವ ಮಾರ್ಪಾಟನ್ನು ಮೊದಲು ದಿನಚರಿಯಂತಹ ಕಡತದಲ್ಲಿ ಬರೆದು ಸ್ಥಿರಪಡಿಸಿ, ಬಳಿಕ ಮೂಲಪುಟವನ್ನು ತಿದ್ದತಕ್ಕುದು. ನಡುವೆ ವಿದ್ಯುತ್ತು ನಿಂತರೂ ಆ ದಿನಚರಿಯನ್ನೋದಿ ಯಂತ್ರವು ಕಾರ್ಯವನ್ನು ಪೂರೈಸಬಲ್ಲುದು.

ಸಾಹಿತ್ಯಾಭ್ಯಾಸಿಗಳು ಗಮನಿಸಬೇಕಾದ ವಿಷಯ ಬೇರೊಂದಿದೆ. ವೃಕ್ಷವು ನಿಲ್ಲುವುದು ಕ್ರಮದ ಮೇಲೆ. ಯಂತ್ರವಾದರೋ ಅಕ್ಷರಗಳನ್ನರಿಯದು, ಅಂಕಗಳನ್ನು ಮಾತ್ರ ಅರಿಯುವುದು. ಯೂನಿಕೋಡ್ ಅಂಕನದಲ್ಲಿ ಲಕಾರಕ್ಕೆ 3250, ಳಕಾರಕ್ಕೆ 3251, ವಕಾರಕ್ಕೆ 3253, ಸಕಾರಕ್ಕೆ 3256 ಎಂಬ ಸಂಖ್ಯೆಗಳಿವೆ. ಆದುದರಿಂದ ಬರಿಯ ಅಂಕಗಳನ್ನು ಹೋಲಿಸುವ ಯಂತ್ರವು ‘ಬಳ್ಳಿ’ಯನ್ನು ‘ಬಸಳೆ’ಗಿಂತ ಮುಂದಿಡುವುದು. ನಮ್ಮ ವರ್ಣಮಾಲೆಯಲ್ಲಿ ಳಕಾರವು ಹಕಾರದ ಅನಂತರ ಬರುವುದರಿಂದ ‘ಬಸಳೆ’ಯೇ ಮೊದಲಾಗಬೇಕು.

ಇದು ಕೇವಲ ಅಂದಚೆಂದದ ಮಾತಲ್ಲ. ಒಂದು ಕ್ರಮದಲ್ಲಿ ಕಟ್ಟಿದ ವೃಕ್ಷವನ್ನು ಮತ್ತೊಂದು ಕ್ರಮದಿಂದ ಹುಡುಕಿದರೆ ಯಂತ್ರವು ತಪ್ಪು ಕವಲನ್ನು ಹಿಡಿದು, ಇರುವ ಪದವನ್ನೇ ಇಲ್ಲವೆಂದೀತು. ಕ್ರಮವನ್ನು ಆಮೇಲೆ ತಿದ್ದುವುದಾದರೆ ವೃಕ್ಷವನ್ನು ಬುಡದಿಂದ ಮತ್ತೆ ಕಟ್ಟಬೇಕು. ಅದಕ್ಕಾಗಿ ಪ್ರತಿಯೊಂದು ಪದಕ್ಕೂ ವರ್ಣಮಾಲೆಯ ಸ್ಥಾನವನ್ನನುಸರಿಸಿದ ಬೇರೊಂದು ಅಂಕಮಾಲೆಯನ್ನು ಆರಂಭದಲ್ಲಿಯೇ ಏರ್ಪಡಿಸಿ, ಇಡುವಾಗಲೂ ಹುಡುಕುವಾಗಲೂ ಅದನ್ನೇ ಬಳಸತಕ್ಕುದು.

ಅನುಸ್ವಾರವು ಎಲ್ಲಿ ನಿಲ್ಲಬೇಕು, ಱಕಾರ ೞಕಾರಗಳಿಗೆ ಯಾವ ಸ್ಥಾನ ಎಂಬುವನ್ನು ನಿರ್ಣಯಿಸುವುದು ಯಂತ್ರಶಿಲ್ಪಿಯ ಕೆಲಸವಲ್ಲ, ವೈಯಾಕರಣನದು. ಆ ನಿರ್ಣಯವು ಮೊದಲು ದೊರೆತಲ್ಲದೆ ಯಂತ್ರದ ಮೊದಲ ಪುಟವೂ ಸರಿಯಾಗಿ ಬರೆಯಲ್ಪಡಲಾರದು.