ಹಿನ್ನೀರಿನ ದಡದಲ್ಲಿ ಕಿವಿಗೊಂದು ರಾತ್ರಿ

ಮೈಸೂರಿನಿಂದ ಹೊರಟು ಹೆಗ್ಗಡದೇವನಕೋಟೆ ದಾಟಿ ಕಾರಾಪುರಕ್ಕೆ ಬಂದಿಳಿಯುವ ಪ್ರವಾಸಿಗರ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: 'ಹುಲಿ ಕಾಣಿಸುತ್ತದೆಯೇ?' ಮರುದಿನ ಗಂಟುಮೂಟೆ ಕಟ್ಟುವಾಗ ಅವರ ಮಾತಿನ ಧಾಟಿಯೇ ಬದಲಾಗಿರುತ್ತದೆ. ಹುಲಿ ಕಂಡವರು ಕೆಲವರು, ಕಾಣದವರು ಹಲವರು. ಆದರೆ ಕಬಿನಿಯ ಹಿನ್ನೀರಿನ ದಡದ ಡೇರೆಯಲ್ಲಿ ಮಲಗಿದವರೆಲ್ಲ ಆ ರಾತ್ರಿ ಏನನ್ನಾದರೂ ಕೇಳಿರುತ್ತಾರೆ. ಆಚೆ ದಡದ ಆನೆಯ ಘೀಳು, ಜಿಂಕೆಯ ಎಚ್ಚರಿಕೆಯ ಕೂಗು, ನೀರಿಗೆ ಏನೋ ಇಳಿದ ಸಪ್ಪಳ. 'ಪಕ್ಕದಲ್ಲೇ ನಿಂತು ಕೂಗಿದ ಹಾಗಿತ್ತು' ಎಂದು ಅವರು ಬೆರಗಿನಿಂದ ಹೇಳುವುದುಂಟು. ಈ ಬೆರಗಿನ ಹಿಂದೆ ಒಂದಿಷ್ಟು ವಿಜ್ಞಾನವಿದೆ. ಅದನ್ನು ತಿಳಿದವರಿಗೆ ದಡದಲ್ಲಿ ಹೇಗೆ ತಂಗಬೇಕೆಂಬುದೂ ತಾನಾಗಿ ತಿಳಿಯುತ್ತದೆ.

ಮನುಷ್ಯ ಮಾಡಿದ ಕೆರೆ

ಕಣ್ಣು ಹಾಯಿಸಿದಷ್ಟೂ ಹರಡಿದ ಈ ಜಲರಾಶಿ ಪ್ರಕೃತಿ ನಿರ್ಮಿಸಿದ ಸರೋವರವಲ್ಲ. ಕೇರಳದ ವಯನಾಡಿನಲ್ಲಿ ಹುಟ್ಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಕಬಿನಿಗೆ ಬೀಚನಹಳ್ಳಿಯ ಬಳಿ 1974ರಲ್ಲಿ ಅಣೆಕಟ್ಟು ಪೂರ್ಣಗೊಂಡಾಗ ಮೂಡಿದ ಹಿನ್ನೀರು ಇದು. ಜಲಾಶಯದ ಗರಿಷ್ಠ ಮಟ್ಟ 2284 ಅಡಿ. ಸಂಗ್ರಹ ಸಾಮರ್ಥ್ಯ 19.52 ಟಿ.ಎಂ.ಸಿ. ಕಾಡಿನ ಭಾಗವೂ, ಹಳ್ಳಿಗಳೂ, ಕಾಡನ್ನೇ ನಂಬಿದ್ದ ಬುಡಕಟ್ಟು ಜನರ ಹಾಡಿಗಳೂ ಈ ನೀರಿಗೆ ದಾರಿ ಬಿಟ್ಟುಕೊಟ್ಟವು. ಇಂದು ಉತ್ತರಕ್ಕೆ ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ. ನಡುವೆ ಈ ನೀರು.

ಬೇಸಿಗೆಯಲ್ಲಿ ನೀರು ತಗ್ಗಿದಾಗ ಅಲ್ಲಲ್ಲಿ ತಲೆಯೆತ್ತಿ ನಿಂತ ಒಣಮರಗಳು ಕಾಣುತ್ತವೆ. ಮುಳುಗಿದ ಕಾಡಿನ ಅಸ್ಥಿಪಂಜರಗಳಿವು. ನೀರಿನಡಿ ಆಮ್ಲಜನಕ ಕಡಿಮೆಯಾದ್ದರಿಂದ ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅಲ್ಲಿ ಕೆಲಸ ಕಷ್ಟ. ಹಾಗಾಗಿ ದಶಕಗಳು ಕಳೆದರೂ ಬೊಡ್ಡೆಗಳು ಉಳಿದಿವೆ. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತವೆ. ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಆ ಮರಗಳ ಕಥೆ ಕೇಳುವವರು ಅಪರೂಪ.

ಮಳೆಗಾಲದಲ್ಲಿ ತುಂಬಿದ ನೀರು ಮಾರ್ಚ್ ವೇಳೆಗೆ ಹಿಂದೆ ಸರಿಯುತ್ತದೆ. ಬಯಲಾದ ಮೆಕ್ಕಲು ಮಣ್ಣಿನಲ್ಲಿ ತೇವ ಉಳಿದಿರುವುದರಿಂದ ಸುತ್ತಲ ಕಾಡೆಲ್ಲ ಒಣಗಿ ನಿಂತಾಗ ಇಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಾಡಿನೊಳಗಿನ ಕೆರೆಕಟ್ಟೆಗಳು ಬತ್ತಿದಾಗ ಆನೆಗಳಿಗೆ ನೀರೂ ಮೇವೂ ಒಂದೇ ಕಡೆ ಸಿಗುವುದು ಇಲ್ಲಿಯೇ. ಮಾರ್ಚ್‌ನಿಂದ ಮೇ ತನಕ ನೂರಾರು ಆನೆಗಳು ಈ ದಡಗಳಿಗೆ ಇಳಿದು ಬರುತ್ತವೆ. ಪ್ರವಾಸಿಗೆ ಅದು ರಜೆಯ ಸಂಭ್ರಮ. ಆನೆಗೆ ಅದು ಬೇಸಿಗೆ ದಾಟುವ ದಾರಿ. ಒಂದೇ ದಡಕ್ಕೆ ಇಬ್ಬರೂ ಬರುತ್ತಾರೆ. ಆದರೆ ಬೇರೆ ಕಡೆ ಹೋಗುವ ಆಯ್ಕೆ ಇರುವುದು ಒಬ್ಬರಿಗೆ ಮಾತ್ರ.

ಸದ್ದು ಬಾಗುವ ಬಗೆ

ಈಗ ರಾತ್ರಿಯ ಸದ್ದಿನ ವಿಷಯಕ್ಕೆ ಬರೋಣ. ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್. ಉಷ್ಣತೆ ಒಂದು ಡಿಗ್ರಿ ಏರಿದರೆ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಹಗಲಲ್ಲಿ ಬಿಸಿಲಿಗೆ ಕಾದ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಆಗ ಸದ್ದು ಮೇಲ್ಮುಖವಾಗಿ ಬಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಲೆಕ್ಕ ತಿರುಗುಮುರುಗು. ನೆಲ ಬೇಗ ತಣಿಯುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ಬೆಚ್ಚನೆಯ ಗಾಳಿ ಅದರ ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ಮೇಲೇರಿದ ಸದ್ದು ಆ ಬೆಚ್ಚನೆ ಪದರದಲ್ಲಿ ಬಾಗಿ ಮತ್ತೆ ಕೆಳಗಿಳಿಯುತ್ತದೆ. ಗಾಳಿ ನಿಂತ ರಾತ್ರಿಯಲ್ಲಿ ನೀರಿನ ನುಣುಪು ಮೈ ಸದ್ದನ್ನು ಹೀರುವುದಿಲ್ಲ, ಹಿಂದಕ್ಕೆ ಚಿಮ್ಮಿಸುತ್ತದೆ. ನಡುವೆ ತಡೆಯಲು ಮರವಿಲ್ಲ, ಪೊದೆಯಿಲ್ಲ. ಆಚೆ ದಡದ ಸಣ್ಣ ಸಪ್ಪಳವೂ ಡೇರೆಯ ಬಾಗಿಲಿಗೆ ಬಂದು ತಲುಪುತ್ತದೆ.

ನಮ್ಮ ಕಿವಿಗೆ ಕೇಳದ ಮಾತುಗಳೂ ಆ ನೀರಿನ ಮೇಲೆ ಹಾಯುತ್ತಿರುತ್ತವೆ. 1984ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಏಷ್ಯಾದ ಆನೆಗಳ ಬಳಿ ಗಾಳಿಯಲ್ಲಿ ಒಂದು ಬಗೆಯ ನಡುಕವನ್ನು ಗಮನಿಸಿದರು. ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ ಆನೆಗಳು ನಮಗೆ ಕೇಳದಷ್ಟು ಕೆಳಸ್ವರದಲ್ಲಿ ಮಾತಾಡಿಕೊಳ್ಳುವುದು ಖಚಿತವಾಯಿತು. ಮನುಷ್ಯನ ಕಿವಿಯ ಕೆಳಮಿತಿ ಸುಮಾರು 20 ಹರ್ಟ್ಸ್. ಅಂಥ ಸದ್ದಿನ ಒಂದು ಅಲೆಯ ಉದ್ದವೇ ಸುಮಾರು 17 ಮೀಟರ್. ಮರದ ಬೊಡ್ಡೆಗಳು ಅದಕ್ಕೆ ಅಡ್ಡಿಯೇ ಅಲ್ಲ. ಕಿಲೋಮೀಟರುಗಟ್ಟಲೆ ದೂರದ ಬಳಗಕ್ಕೆ ಆನೆ ಸುದ್ದಿ ಮುಟ್ಟಿಸುವುದು ಹೀಗೆ.

ದಾರಿ ಎರಡೂ ಕಡೆಗಿದೆ

ಇಲ್ಲಿ ಪ್ರವಾಸಿ ಮರೆಯುವ ಸಂಗತಿಯೊಂದಿದೆ. ಆಚೆ ದಡದ ಸದ್ದು ಈಚೆಗೆ ಬರುವಷ್ಟೇ ಸುಲಭವಾಗಿ ಈಚೆಯ ಸದ್ದು ಆಚೆಗೂ ಹೋಗುತ್ತದೆ. ಕಾರಿನ ಬಾಗಿಲು ಬಡಿಯುವುದು, ಮೊಬೈಲಿನ ಹಾಡು, ಊಟದ ನಂತರದ ಅಂತ್ಯಾಕ್ಷರಿ ಎಲ್ಲವೂ ನೀರು ದಾಟುತ್ತವೆ. ನೀರು ಕುಡಿಯಲು ಮರಿಯೊಡನೆ ಕಾಡಂಚಿಗೆ ಬಂದ ಹೆಣ್ಣಾನೆಗೆ ಮನುಷ್ಯರ ಗದ್ದಲ ಅಪಾಯದ ಸೂಚನೆ.

ಈ ನೆಲದಲ್ಲಿ ಆ ಸೂಚನೆಗೆ ಹಳೆಯ ಅರ್ಥವೂ ಇದೆ. ಇಲ್ಲಿಯ ಕಾಕನಕೋಟೆ ಖೆಡ್ಡಾಗಳಿಗೆ ಹೆಸರಾದ ಜಾಗ. ತಮಟೆ ಬಡಿದು, ಬೊಬ್ಬೆ ಹಾಕಿ, ಪಂಜು ಹಿಡಿದು ಕಾಡಾನೆಗಳ ಹಿಂಡನ್ನು ಕಬಿನಿಗೆ ಇಳಿಸಿ ಬೋನಿನ ಕಡೆಗೆ ಅಟ್ಟುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆನೆಯನ್ನು ಬೆದರಿಸಲು ಅಂದು ಬೇಕಾಗಿದ್ದುದು ಸದ್ದು ಮತ್ತು ಬೆಳಕು. ಇಂದು ಅವೆರಡೂ ಪ್ರವಾಸಿಯ ಕೈಚೀಲದಲ್ಲೇ ಇವೆ.

ಬೆಳಕಿನ ವಿಷಯದಲ್ಲೂ ಅಷ್ಟೇ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಒಗ್ಗಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ನೀರಿನ ಮೇಲೆ ನಕ್ಷತ್ರಗಳ ಬಿಂಬ, ಎದುರು ದಡದ ಮರಗಳ ಅಂಚು ಒಂದೊಂದಾಗಿ ಮೂಡುತ್ತವೆ. ಯಾರೋ ಒಬ್ಬರು ಟಾರ್ಚ್ ಬೀಸಿದರೆ ಸಾಕು, ಎಲ್ಲರೂ ಮೊದಲಿನಿಂದ ಶುರು ಮಾಡಬೇಕು. ಜಿಂಕೆ, ಚಿರತೆಗಳ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪದರವಿದೆ. ಮಂದ ಬೆಳಕನ್ನೂ ಎರಡು ಬಾರಿ ಬಳಸಿಕೊಳ್ಳಲು ಆದ ಏರ್ಪಾಡು ಅದು. ಅಂಥ ಕಣ್ಣಿಗೆ ಪ್ರಖರವಾದ ಬೆಳಕು ಎಷ್ಟು ಹಿಂಸೆ ಎಂಬುದನ್ನು ನೀವೇ ಊಹಿಸಬಹುದು.

ಒದ್ದೆ ಡೇರೆ, ಹಬೆಯಾಡುವ ನೀರು

ಚಳಿಗಾಲದಲ್ಲಿ ಬಂದವರ ಸಾಮಾನ್ಯ ದೂರು, 'ಮಳೆಯಿಲ್ಲದಿದ್ದರೂ ಡೇರೆ ಒಳಗಿನಿಂದ ಒದ್ದೆಯಾಗಿತ್ತು' ಎಂಬುದು. ತಪ್ಪು ಡೇರೆಯದಲ್ಲ. ಮಲಗಿದವರ ಉಸಿರಿನಲ್ಲಿರುವ ನೀರಾವಿ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಚಳಿಯೆಂದು ಎಲ್ಲ ಕಿಂಡಿಗಳನ್ನೂ ಮುಚ್ಚಿದಷ್ಟೂ ಹನಿ ಹೆಚ್ಚು. ಬಲೆಯ ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೆ ತೊಂದರೆ ಅರ್ಧ ಇಳಿಯುತ್ತದೆ. ಮುಂಜಾನೆ ನೀರಿನಿಂದ ಹೊಗೆಯಂತೆ ಏಳುವ ಮಂಜಿಗೂ ಕಾರಣ ಇಂಥದೇ. ಹಗಲಿನ ಬಿಸಿಯನ್ನು ಹಿಡಿದಿಟ್ಟ ನೀರಿನಿಂದ ಎದ್ದ ಆವಿ ತಣ್ಣನೆಯ ಗಾಳಿಯಲ್ಲಿ ಸಣ್ಣ ಹನಿಗಳಾಗುತ್ತದೆ. ಬಿಸಿಲೇರಿದರೆ ಅದು ಮಾಯ. ಅದನ್ನು ನೋಡಬೇಕೆಂದರೆ ಹೊದಿಕೆಯ ಮೋಹ ಬಿಡಬೇಕು.

ತಿಂಡಿಯ ಪೊಟ್ಟಣಗಳನ್ನು ಡೇರೆಯಲ್ಲಿ ಇಡಬಾರದು. ಮಂಗಗಳಿಗಷ್ಟೇ ಅಲ್ಲ, ಹಂದಿಗಳಿಗೂ ಅದು ಆಹ್ವಾನ ಪತ್ರಿಕೆ. ಹುಲಿ ರಕ್ಷಿತಾರಣ್ಯದೊಳಗೆ ಮನಸ್ಸು ಬಂದ ಕಡೆ ಡೇರೆ ಹೂಡಲು ಅನುಮತಿಯಿಲ್ಲ. ಕಾಡಂಚಿನಲ್ಲಿ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯಂಥವರು ಹೂಡಿರುವ ಡೇರೆಗಳಲ್ಲೇ ಉಳಿಯಬೇಕು. ಕತ್ತಲಾದ ಮೇಲೆ ಸಿಬ್ಬಂದಿಯ ಜೊತೆಯಿಲ್ಲದೆ ನೀರಿನಂಚಿಗೆ ನಡೆಯುವುದು ಸಾಹಸವಲ್ಲ, ಅವಿವೇಕ.

ಕಾಡಂಚಿನ ಬದುಕು ಎಷ್ಟು ಸೂಕ್ಷ್ಮವೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2025ರಲ್ಲಿ ಪಕ್ಕದ ಸರಗೂರು ಭಾಗದಲ್ಲಿ ರೈತರು ಹುಲಿಗೆ ಬಲಿಯಾದಾಗ, ಆ ವರ್ಷದ ನವೆಂಬರಿನಲ್ಲಿ ಸರಕಾರ ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತು. ಪ್ರವಾಸಿಗೆ ಒಂದು ರಾತ್ರಿಯ ರೋಮಾಂಚನವಾದ ಸದ್ದು, ಹೊಲ ಕಾಯುವವನಿಗೆ ವರ್ಷವಿಡೀ ನಿದ್ದೆಗೆಡಿಸುವ ಸದ್ದು. ಅಲ್ಲಿಗೆ ಹೋದವರು ಆ ಮನೆಗಳನ್ನೂ ನೆನೆಯಬೇಕು.

ಹೋಗುವವರು ಧಾರಾಳವಾಗಿ ಹೋಗಲಿ. ಕಾಡನ್ನು ಕಂಡವರಿಗೇ ಕಾಡಿನ ಮೇಲೆ ಮಮತೆ ಹುಟ್ಟುವುದು. ಊಟ ಮುಗಿದ ಮೇಲೆ ದೀಪ ಆರಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಗಂಟೆ ಯಾರೂ ಮಾತಾಡದೆ ನೀರಿನ ಕಡೆ ಕಿವಿಗೊಟ್ಟು ಕೂತರೆ ಸಾಕು. ಕಾಡಿನ ಮಾತು ಇತ್ತ ಬರುವ ದಾರಿ ತೆರೆದೇ ಇದೆ. ನಮ್ಮ ಮಾತು ಅತ್ತ ಹೋಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ.