ಆಶ್ರಯಕ್ಕೆ ಬಂದ ಚಿಂಚಿಲ್ಲದ ಪೋಷಣೆಯೂ ಪಳಗಿಸುವ ಕ್ರಮವೂ

ದಕ್ಷಿಣ ಅಮೆರಿಕಾ ಖಂಡದ ಚಿಲಿ ದೇಶದಲ್ಲಿ, ಆಂಡೀಸ್ ಪರ್ವತಪ್ರಾಂತದ ಬಂಡೆಗಳ ಸಂದುಗಳಲ್ಲಿ, ಚಿಂಚಿಲ್ಲವೆಂಬ ಸಣ್ಣ ಪ್ರಾಣಿಯು ಗುಂಪುಗೂಡಿ ವಾಸಿಸುತ್ತದೆ. ಇದು ಇಲಿ ಅಳಿಲುಗಳಂತೆ ಕಡಿದು ತಿನ್ನುವ ವರ್ಗಕ್ಕೆ ಸೇರಿದುದು. ತೂಕವು ಸುಮಾರು ಅರ್ಧ ಕಿಲೋಗ್ರಾಂ. ಒಂದೊಂದು ರೋಮಕೂಪದಿಂದಲೂ ಹತ್ತಾರು ಕೂದಲುಗಳು ಹೊರಡುವುದರಿಂದ ಇದರ ತುಪ್ಪುಳವು ಅತಿ ದಟ್ಟವಾಗಿಯೂ ಮೃದುವಾಗಿಯೂ ಇರುವುದು. ಈ ತುಪ್ಪುಳವೇ ಇದಕ್ಕೆ ಶತ್ರುವಾಯಿತು. ಚರ್ಮದ ವ್ಯಾಪಾರಕ್ಕಾಗಿ ಬೇಟೆಯಾಡಿ ಇದರ ಸಂತತಿಯು ನಿರ್ಮೂಲವಾಗುವ ಸ್ಥಿತಿಗೆ ಬರಲು, 1910ರಲ್ಲಿ ಚಿಲಿ, ಬೊಲಿವಿಯ, ಪೆರು, ಅರ್ಜೆಂಟೀನ ದೇಶಗಳು ಬೇಟೆಯನ್ನು ನಿಲ್ಲಿಸಲು ಒಪ್ಪಂದ ಮಾಡಿಕೊಂಡವು. 1923ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿ ಎಂಜಿನಿಯರನು 11 ಪ್ರಾಣಿಗಳನ್ನು ಹಂತಹಂತವಾಗಿ ಬೆಟ್ಟದಿಂದಿಳಿಸಿ, ಕೆಳಗಿನ ಹವೆಗೆ ಒಗ್ಗಿಸಿ, ಹಡಗಿನಲ್ಲಿ ಕ್ಯಾಲಿಫೋರ್ನಿಯಕ್ಕೆ ಸಾಗಿಸಿದನು. ಅಮೆರಿಕದ ಮನೆಗಳಲ್ಲಿ ಈಗ ಸಾಕುವವುಗಳಲ್ಲಿ ಬಹುಪಾಲು ಇವುಗಳ ಸಂತತಿಯೇ.

ಚಿಂಚಿಲ್ಲವು ಹದಿನೈದು ವರ್ಷಗಳಿಗೂ ಮೇಲ್ಪಟ್ಟು ಬದುಕುವುದುಂಟು. ಆಟಿಕೆಯೆಂದು ಕೊಂಡವರು ಇದನ್ನು ಯೋಚಿಸಿರುವುದಿಲ್ಲ, ಬೇಸರವಾದೊಡನೆ ಬಿಟ್ಟುಬಿಡುತ್ತಾರೆ. ಹೀಗೆ ಕೈಬಿಟ್ಟ ಪ್ರಾಣಿಯನ್ನು ಮನೆಗೆ ತಂದವರು ಕನಿಕರದಿಂದ ಒಡನೆಯೇ ಎತ್ತಿ ಮುದ್ದಿಸಲು ಹೋಗುವುದು ಸಾಮಾನ್ಯ. ಇದು ತಕ್ಕದ್ದಲ್ಲ. ಮೇಲಿನಿಂದ ಬರುವ ಕೈಯು ಇದಕ್ಕೆ ಗೂಬೆಯ ಉಗುರಿನಂತೆಯೇ ತೋರುವುದು. ಭಯಗೊಂಡಾಗ ಹಿಡಿದರೆ, ಹಿಡಿದೆಡೆಯ ತುಪ್ಪುಳವು ಕುಚ್ಚಾಗಿ ಕಳಚಿ ಕೈಗೆ ಬರುತ್ತದೆ. ವೈರಿಯ ಬಾಯಿಂದ ತಪ್ಪಿಸಿಕೊಳ್ಳುವುದಕ್ಕೆ ಪ್ರಕೃತಿಯು ಕೊಟ್ಟ ಉಪಾಯವಿದು. ಆ ಜಾಗದಲ್ಲಿ ತಿರುಗಿ ಬೆಳೆಯಲು ತಿಂಗಳುಗಳೇ ಬೇಕು.

ಆದಕಾರಣ ಮೊದಲ ವಾರದಲ್ಲಿ ಸ್ನೇಹಕ್ಕಿಂತ ದೇಹಸ್ಥಿತಿಯ ಕಡೆಗೆ ಗಮನವಿರಬೇಕು. ಎತ್ತರವಾದ ಪಂಜರ, ಹತ್ತಿ ಕೂರಲು ಮರದ ಹಲಗೆಗಳು, ಅಡಗಲು ಒಂದು ಪೆಟ್ಟಿಗೆ, ಇವು ಅವಶ್ಯಕ. ಸೆಂಟಿಗ್ರೇಡ್ 15ರಿಂದ 21 ಡಿಗ್ರಿಯ ಒಣಹವೆಯು ಹಿತಕರ. 25 ಡಿಗ್ರಿಯನ್ನು ಮೀರಿದರೆ ಅಪಾಯ. ಬೆವರಿ ಮೈಯನ್ನು ತಂಪು ಮಾಡಿಕೊಳ್ಳುವ ಶಕ್ತಿ ಇದಕ್ಕಿಲ್ಲ. ಕಿವಿ ಕೆಂಪೇರಿ, ಒಂದು ಮಗ್ಗುಲಿಗೆ ಬಿದ್ದು ಏದುಸಿರು ಬಿಡುತ್ತಿದ್ದರೆ ಶಾಖಾಘಾತವೆಂದು ತಿಳಿದು ಕೂಡಲೆ ತಂಪಾದ ಕೋಣೆಗೆ ಒಯ್ದು ಪಶುವೈದ್ಯರನ್ನು ಕಾಣಬೇಕು. ನಮ್ಮ ಬಯಲುಸೀಮೆಯ ಬೇಸಗೆಯು ಈ ಪ್ರಾಣಿಗೆ ಸಲ್ಲದೆಂಬುದು ಇದರಿಂದಲೇ ಸ್ಪಷ್ಟ.

ಹಲ್ಲುಗಳು ಜೀವಮಾನವೆಲ್ಲಾ ಬೆಳೆಯುವುದರಿಂದ ಅವುಗಳನ್ನು ಸವೆಸಲು ತಿಮೋಥಿಯಂತಹ ಒಣಹುಲ್ಲು ಹಗಲಿರುಳೂ ಇರತಕ್ಕದ್ದು. ಅದರ ಜೊತೆಗೆ ದಿನಕ್ಕೆ ಒಂದೆರಡು ಚಮಚ ಗುಳಿಗೆ ಮೇವು ಸಾಕು. ಕಡಲೆಕಾಯಿ, ಒಣದ್ರಾಕ್ಷಿಗಳನ್ನು ಪ್ರೀತಿಯಿಂದ ಕೊಡುವವರು ಕರುಳಿನ ರೋಗವನ್ನು ಕೊಟ್ಟಂತೆಯೇ. ಹಿಂದೆ ತಿನ್ನುತ್ತಿದ್ದ ಮೇವನ್ನು ವಿಚಾರಿಸಿ, ಹೊಸದನ್ನು ಅದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಬಾಚಿಹಲ್ಲು ಹಳದಿ ಕೂಡಿದ ಕಿತ್ತಳೆ ಬಣ್ಣಕ್ಕಿದ್ದರೆ ಅದು ಕೊಳೆಯಲ್ಲ, ಆರೋಗ್ಯದ ಗುರುತು. ಹಿಕ್ಕೆಗಳು ಸಣ್ಣವಾಗಿ, ಮೇವನ್ನು ಮುಟ್ಟದಿದ್ದರೆ, ನಾಳೆ ನೋಡೋಣವೆನ್ನದೆ ಅಂದೇ ಚಿಕಿತ್ಸೆ ಮಾಡಿಸಬೇಕು. ಕರುಳಿನ ಚಲನೆ ನಿಂತರೆ ಪ್ರಾಣವು ಬೇಗ ಹೋಗುವುದು.

ಇದಕ್ಕೆ ನೀರಿನ ಸ್ನಾನ ಕೂಡದು. ನೆನೆದ ತುಪ್ಪುಳವು ಬೇಗ ಆರದೆ ಬೂಷ್ಟಿನ ರೋಗಕ್ಕೆ ಎಡೆಗೊಡುತ್ತದೆ. ಇದಕ್ಕೆಂದೇ ಮಾರುವ ನುಣುಪಾದ ಧೂಳನ್ನು ಅಗಲವಾದ ಬೋಗುಣಿಯಲ್ಲಿ ಹಾಕಿ, ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಒಳಗಿಟ್ಟರೆ ತಾನೇ ಹೊರಳಾಡಿ ಶುಚಿಯಾಗುವುದು. ಹೊಳೆಯ ಮರಳು ಕೆಲಸಕ್ಕೆ ಬಾರದು. ಬೆದರಿದ ಪ್ರಾಣಿಯು ಮನುಷ್ಯನೆದುರಿಗೆ ಹೊರಳಾಡುವುದಿಲ್ಲ. ಹೊರಳಾಡಿತೆಂದರೆ ಭಯವು ಇಳಿಯುತ್ತಿದೆಯೆಂದು ತಿಳಿಯಬಹುದು.

ಪಳಗಿಸುವ ಕೆಲಸಕ್ಕೆ ಸಂಜೆಯೇ ಸರಿಯಾದ ಹೊತ್ತು. ಹಗಲೆಲ್ಲಾ ಇದು ನಿದ್ರಿಸುವುದು. ಪ್ರತಿದಿನವೂ ಅದೇ ಹೊತ್ತಿಗೆ ಪಂಜರದ ಬಳಿ ಕುಳಿತು ಮೆಲುದನಿಯಲ್ಲಿ ಮಾತನಾಡಬೇಕು. ಅನಂತರ ಅಂಗೈಯಲ್ಲಿ ಒಂದು ಚೂರು ಓಟ್ಸ್ ಇಟ್ಟು, ಪಂಜರದ ನೆಲಕ್ಕೆ ಕೈಯಾನಿಸಿ, ಅಲುಗದೆ ಇರಬೇಕು. ಅದು ಮೂಸಿ ಓಡಿಹೋದರೆ ಹಿಂಬಾಲಿಸಬಾರದು. ಕೆಲವು ಪ್ರಾಣಿಗಳು ಹದಿನೈದು ದಿನಗಳಲ್ಲಿ ಕೈಮೇಲೆ ಹತ್ತುವುವು. ಪೆಟ್ಟು ತಿಂದವುಗಳಿಗೆ ಅನೇಕ ತಿಂಗಳು ಹಿಡಿಯುವುದು. ಬೊಗಳಿದಂತೆ ಕೂಗಿದರೆ, ಅಥವಾ ಹೆಣ್ಣು ಹಿಂಗಾಲಲ್ಲಿ ನಿಂತು ಮೂತ್ರವನ್ನು ಚಿಮ್ಮಿದರೆ, ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸುವುದು ಮೇಲು. ಎತ್ತಲೇಬೇಕಾದಾಗ ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಭಾಗದ ಕೆಳಗೂ ಕೊಡಬೇಕು. ಪಕ್ಕೆಲುಬುಗಳು ಬಹು ನಾಜೂಕಾದುದರಿಂದ ಬಿಗಿಯಾಗಿ ಅಮುಕಬಾರದು.

ಮನೆಯಲ್ಲಿ ಬೇರೊಂದು ಚಿಂಚಿಲ್ಲವಿದ್ದರೆ ಹೊಸದನ್ನು ಕೆಲವು ವಾರ ಬೇರೆ ಕೋಣೆಯಲ್ಲಿಟ್ಟು, ಹುಳುಕಡ್ಡಿ ಮೊದಲಾದ ಅಂಟುರೋಗಗಳಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆಯೇ ಪಂಜರಗಳನ್ನು ಅಕ್ಕಪಕ್ಕದಲ್ಲಿಡಬಹುದು. ಹುಳುಕಡ್ಡಿಯು ಮನುಷ್ಯರಿಗೂ ಅಂಟುವುದರಿಂದ, ಅದುವರೆಗೆ ಮುಟ್ಟಿದ ಬಳಿಕ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳತಕ್ಕದ್ದು.