ಕಿತ್ತ ಮೇಲೂ ಉಸಿರಾಡುವ ಗೆಡ್ಡೆ: ಸಂಗ್ರಹಣೆ ಮತ್ತು ಸತ್ವದ ಕುರಿತ ತಪ್ಪು ಕಲ್ಪನೆಗಳು

ಬೇರು ತರಕಾರಿ ಎಂಬ ಮಾತು ಅಡುಗೆಮನೆಯಲ್ಲಿ ಎಷ್ಟು ಸಡಿಲವಾಗಿ ಬಳಕೆಯಾಗುತ್ತದೆಯೋ ಸಸ್ಯಶಾಸ್ತ್ರದಲ್ಲಿ ಅಷ್ಟು ಸಡಿಲವಾಗಿ ಬಳಕೆಯಾಗುವುದಿಲ್ಲ. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳು ಆಹಾರ ತುಂಬಿಕೊಂಡು ದಪ್ಪಗಾದ ತಾಯಿಬೇರುಗಳು. ಸಿಹಿಗೆಣಸು, ಮರಗೆಣಸುಗಳು ಕಾಂಡದಿಂದ ಹೊರಟು ಊದಿಕೊಂಡ ಬೇರುಗಳು. ಆಲೂಗಡ್ಡೆಯಂತೂ ಬೇರೇ ಅಲ್ಲ, ಮಣ್ಣಿನೊಳಗೆ ಉಬ್ಬಿದ ಕಾಂಡ, ಅದರ ಮೈಮೇಲಿನ ಕಣ್ಣುಗಳೇ ಕಾಂಡದ ಮೊಗ್ಗುಗಳು. ಈ ಭೇದಗಳೇನೇ ಇರಲಿ, ಗಿಡವು ತನ್ನ ಮುಂದಿನ ಬೆಳವಣಿಗೆಗೆಂದು ಕೂಡಿಟ್ಟ ದಾಸ್ತಾನು ಇವೆಲ್ಲವೂ ಆಗಿರುವುದರಿಂದ, ಮಣ್ಣಿನಿಂದ ಕಿತ್ತ ಕೂಡಲೇ ಇವುಗಳ ಜೀವ ನಿಲ್ಲುವುದಿಲ್ಲ. ಆಮ್ಲಜನಕವನ್ನು ಹೀರಿ, ಸಕ್ಕರೆಯನ್ನು ಒಡೆದು, ಇಂಗಾಲದ ಡೈಆಕ್ಸೈಡ್, ನೀರು ಮತ್ತು ಶಾಖವನ್ನು ಹೊರಬಿಡುವ ಉಸಿರಾಟ ಚೀಲದೊಳಗೂ ಬುಟ್ಟಿಯೊಳಗೂ ನಡೆದೇ ಇರುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದಾಗ ಅದರ ವೇಗ ಸುಮಾರು ಎರಡು, ಮೂರು ಪಟ್ಟಾಗುತ್ತದೆ. ಗೆಡ್ಡೆಗಳ ಸಂಗ್ರಹಣೆಯ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಈ ಜೀವಂತಿಕೆಯನ್ನು ಮರೆತದ್ದರಿಂದ ಹುಟ್ಟಿದವು.

ತಪ್ಪು ಕಲ್ಪನೆ: “ದಿನ ಕಳೆದಂತೆ ಗೆಡ್ಡೆಯ ಸತ್ವವೆಲ್ಲ ಹೋಗುತ್ತದೆ.”

ಸತ್ವ ಎಂಬುದು ಒಂದೇ ವಸ್ತುವಾಗಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. ಪೊಟ್ಯಾಸಿಯಂ, ಮೆಗ್ನೀಷಿಯಂ, ಕಬ್ಬಿಣದಂಥ ಖನಿಜಗಳು ಮೂಲಧಾತುಗಳಾದ್ದರಿಂದ ಎಷ್ಟು ತಿಂಗಳಿಟ್ಟರೂ ಗೆಡ್ಡೆಯೊಳಗೇ ಇರುತ್ತವೆ. ನಾರಿನಂಶದಲ್ಲಿಯೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ನಿಜವಾಗಿ ಕರಗುವುದು ಮುಖ್ಯವಾಗಿ ಸಿ ಜೀವಸತ್ವ, ಏಕೆಂದರೆ ಅದು ಆಮ್ಲಜನಕದೊಂದಿಗೆ ಸುಲಭವಾಗಿ ಬೆರೆತು ನಿಷ್ಕ್ರಿಯವಾಗುತ್ತದೆ. ಆಗತಾನೇ ಅಗೆದ ಆಲೂಗಡ್ಡೆಯ 100 ಗ್ರಾಮಿನಲ್ಲಿ ತಳಿಗೂ ನೆಲಕ್ಕೂ ತಕ್ಕಂತೆ ಸುಮಾರು 20ರಿಂದ 30 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ; ಮೂರು, ನಾಲ್ಕು ತಿಂಗಳ ದಾಸ್ತಾನಿನಲ್ಲಿ ಅದು ಅರ್ಧಕ್ಕೆ ಇಳಿಯುವುದು ಸಾಮಾನ್ಯ, ಅದರಲ್ಲಿಯೂ ಮೊದಲ ಕೆಲವು ವಾರಗಳ ಇಳಿತವೇ ಕಡಿದಾದದ್ದು.

ಈ ಲೆಕ್ಕ ಕರ್ನಾಟಕದ ಅಂಗಡಿಗಳಲ್ಲಿ ಸೆಪ್ಟೆಂಬರ್ ಹೊತ್ತಿಗೆ ಕಣ್ಣಿಗೇ ಕಾಣುತ್ತದೆ. ಮೇ, ಜೂನ್ ತಿಂಗಳಲ್ಲಿ ಬಿತ್ತಿದ ಹಾಸನ ಸೀಮೆಯ ಹೊಸ ಆಲೂಗಡ್ಡೆ, ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿಯುವಷ್ಟು ಎಳೆಯದಾಗಿ ಒಂದು ರಾಶಿಯಲ್ಲಿದ್ದರೆ, ಉತ್ತರ ಭಾರತದ ಬಯಲಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಅಗೆದು ಶೀತಲಗೃಹದಲ್ಲಿಟ್ಟಿದ್ದ, ಸಿಪ್ಪೆ ಬಲಿತ ಆಲೂಗಡ್ಡೆ ಪಕ್ಕದ ರಾಶಿಯಲ್ಲಿರುತ್ತದೆ. ಪಿಷ್ಟಕ್ಕೂ ಪೊಟ್ಯಾಸಿಯಂಗೂ ಎರಡನ್ನೂ ಹೆಚ್ಚುಕಡಿಮೆ ಸಮವೆಂದೇ ಎಣಿಸಬಹುದು. ಸಿ ಜೀವಸತ್ವದಲ್ಲಿ ಮಾತ್ರ ಹೊಸದರ ಕೈ ಮೇಲು. ಆದರೆ ನಿಂಬೆ, ನೆಲ್ಲಿ, ಪೇರಲೆ, ಹಸಿಮೆಣಸಿನಕಾಯಿ ಬಳಸುವ ಮನೆಗೆ ಈ ಕೊರತೆ ದೊಡ್ಡದಲ್ಲ. ಆಲೂಗಡ್ಡೆಯೊಂದನ್ನೇ ನಂಬಿ ಬದುಕುತ್ತಿದ್ದವರಿಗೆ ಅದು ಬೇರೆಯೇ ಪ್ರಶ್ನೆಯಾಗಿತ್ತು: 1845ರಲ್ಲಿ ಅಂಗಮಾರಿ ರೋಗ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಹಾಳುಗೆಡವಿದ ಮೇಲಿನ ಕ್ಷಾಮದಲ್ಲಿ, ಹಸಿವಿನ ಜೊತೆಗೆ ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯೂ ಅಲ್ಲಿ ಕಾಣಿಸಿಕೊಂಡಿತು.

ತಪ್ಪು ಕಲ್ಪನೆ: “ಬಾಡಿದ ಕ್ಯಾರೆಟ್‌ನಲ್ಲಿ ಏನೂ ಉಳಿದಿರುವುದಿಲ್ಲ, ಸೊಪ್ಪಿನ ಸಮೇತ ಇಟ್ಟರೆ ತಾಜಾತನ ಉಳಿಯುತ್ತದೆ.”

ಕ್ಯಾರೆಟ್ ಮೆತ್ತಗಾಗಿ ಬಾಗುವುದು ಮೊದಲಿಗೆ ನೀರಿನ ನಷ್ಟದ ಗುರುತೇ ಹೊರತು ಸತ್ವದ ನಷ್ಟದ್ದಲ್ಲ. ದೇಹದೊಳಗೆ ಎ ಜೀವಸತ್ವವಾಗಿ ಮಾರ್ಪಡುವ ಬೀಟಾ ಕ್ಯಾರೊಟಿನ್ ಎಂಬ ಕಿತ್ತಳೆ ವರ್ಣದ್ರವ್ಯ ನೀರಿನೊಂದಿಗೆ ಆವಿಯಾಗುವಂಥದ್ದಲ್ಲ. ಇಡೀ ಕ್ಯಾರೆಟ್ಟಿನ ಒಳಗೆ, ಬೆಳಕು ಗಾಳಿಗಳಿಂದ ದೂರವಾಗಿ, ಅದು ತಿಂಗಳುಗಟ್ಟಲೆ ಸ್ಥಿರವಾಗಿರುತ್ತದೆ. ಉತ್ತರದಿಂದ ಚಳಿಗಾಲದಲ್ಲಿ ಬರುವ ಕೆಂಪು ಕ್ಯಾರೆಟ್ಟಿನ ಬಣ್ಣಕ್ಕೆ ಮುಖ್ಯ ಕಾರಣವಾದ, ಟೊಮೆಟೊದಲ್ಲಿಯೂ ಇರುವ ಲೈಕೊಪೀನ್ ಸಹ ಇದೇ ಕುಲದ್ದು. 100 ಗ್ರಾಂ ತೂಗುತ್ತಿದ್ದ ಕ್ಯಾರೆಟ್ 10 ಗ್ರಾಂ ನೀರು ಕಳೆದುಕೊಂಡು 90 ಗ್ರಾಮಿಗೆ ಇಳಿದರೆ, ಒಳಗಿನ ಕ್ಯಾರೊಟಿನ್ ಅಷ್ಟೇ ಇದ್ದರೂ ಪ್ರತಿ 100 ಗ್ರಾಮಿನ ಲೆಕ್ಕದಲ್ಲಿ ಅದು ಶೇ 11ರಷ್ಟು ಹೆಚ್ಚಿದಂತೆ ತೋರುತ್ತದೆ. ‘ಸಂಗ್ರಹಿಸಿದರೆ ಸತ್ವ ಹೆಚ್ಚುತ್ತದೆ’ ಎಂಬ ಎದುರು ಬದಿಯ ತಪ್ಪು ಕಲ್ಪನೆಗೆ ಇಂಥ ಲೆಕ್ಕವೂ ಒಂದು ಮೂಲ. ಕೋಷ್ಟಕವನ್ನು ಓದುವವರು ತೂಕ ಹಸಿಯದೋ ಒಣಗಿದ್ದೋ ಎಂದು ಮೊದಲು ನೋಡಬೇಕಾಗುತ್ತದೆ.

ಸೊಪ್ಪಿನ ವಿಷಯದಲ್ಲಿಯೂ ನಂಬಿಕೆ ತಲೆಕೆಳಗಾಗಿದೆ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳ ಎಲೆಗಳು ಕಿತ್ತ ಮೇಲೂ ನೀರನ್ನು ಆವಿಯಾಗಿಸುತ್ತಲೇ ಇರುತ್ತವೆ, ಆ ನೀರು ಬರುವುದು ಬೇರಿನಿಂದಲೇ. ಹಸಿರು ಸೊಪ್ಪು ಕೊಳ್ಳುವಾಗ ತಾಜಾತನದ ಒಳ್ಳೆಯ ಸಾಕ್ಷಿ, ಮನೆಗೆ ತಂದ ಮೇಲೆ ಅದೇ ಬೇರನ್ನು ಒಣಗಿಸುವ ಬತ್ತಿ. ಅದನ್ನು ಕತ್ತರಿಸಿ ಅಂದೇ ಪಲ್ಯಕ್ಕೆ ಹಾಕುವುದೇ ಜಾಣತನ, ಏಕೆಂದರೆ ಮೂಲಂಗಿ ಸೊಪ್ಪಿನಲ್ಲಿ ಗೆಡ್ಡೆಗಿಂತ ಹೆಚ್ಚು ಸಿ ಜೀವಸತ್ವವಿದ್ದು, ಅದು ಬಲುಬೇಗ ನಾಶವಾಗುತ್ತದೆ.

ತಪ್ಪು ಕಲ್ಪನೆ: “ಫ್ರಿಜ್‌ನಲ್ಲಿಟ್ಟರೆ ಯಾವ ಗೆಡ್ಡೆಯಾದರೂ ಕೆಡದೆ ಉಳಿಯುತ್ತದೆ.”

ಕ್ಯಾರೆಟ್‌ಗೆ ಈ ಮಾತು ಪೂರ್ತಿ ಒಪ್ಪುತ್ತದೆ. 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಗಾಳಿಯ ಆರ್ದ್ರತೆ ಶೇ 95ಕ್ಕಿಂತ ಹೆಚ್ಚಿರುವಲ್ಲಿ ಬಲಿತ ಕ್ಯಾರೆಟ್ ಆರು ತಿಂಗಳಿಗೂ ಮೀರಿ ನಿಲ್ಲುತ್ತದೆ. ಸೇಬಿನ ಪಕ್ಕದಲ್ಲಿ ಮಾತ್ರ ಅದನ್ನು ಇಡಬಾರದು: ಹಣ್ಣು ಹೊರಬಿಡುವ, ಮಾಗಿಸುವ ಗುಣದ ಎಥಿಲೀನ್ ಅನಿಲ ತಾಕಿದಾಗ ಕ್ಯಾರೆಟ್ಟಿನಲ್ಲಿ ಕಹಿ ಸಂಯುಕ್ತಗಳು ಹುಟ್ಟುತ್ತವೆ.

ಆಲೂಗಡ್ಡೆಯ ಸ್ವಭಾವವೇ ಬೇರೆ. ಉಷ್ಣಾಂಶ ಸುಮಾರು 8 ಡಿಗ್ರಿಗಿಂತ ಕೆಳಗಿಳಿದಾಗ ಅದರ ಪಿಷ್ಟ ಕಿಣ್ವಗಳ, ಅಂದರೆ ಜೀವಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳ, ನೆರವಿನಿಂದ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಸಕ್ಕರೆಗಳಾಗುತ್ತದೆ. ಶೀತಲಗೃಹದಿಂದ ಬಂದ ಆಲೂಗಡ್ಡೆ ಪಲ್ಯದಲ್ಲಿ ಸಿಹಿಯೆನಿಸುವುದೂ, ಎಣ್ಣೆಗೆ ಬಿದ್ದೊಡನೆ ಚಿಪ್ಸ್ ಕಂದಾಗುವುದೂ ಇದರಿಂದಲೇ. ಈ ಸಕ್ಕರೆಗಳು ಆಲೂಗಡ್ಡೆಯಲ್ಲಿ ಧಾರಾಳವಾಗಿರುವ ಆಸ್ಪರಜಿನ್ ಎಂಬ ಅಮೈನೊ ಆಮ್ಲದೊಂದಿಗೆ 120 ಡಿಗ್ರಿ ಮೀರಿದ ಶಾಖದಲ್ಲಿ ಸೇರಿದಾಗ ಅಕ್ರಿಲಮೈಡ್ ಉಂಟಾಗುತ್ತದೆಂದು, ಕರಿದ ಮತ್ತು ಸುಟ್ಟ ತಿನಿಸುಗಳಲ್ಲಿ ಅದರ ಇರುವಿಕೆಯನ್ನು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಬೆನ್ನಿಗೇ ತಿಳಿದುಬಂತು. ಕ್ಯಾನ್ಸರ್‌ಕಾರಕವಾಗಿರಬಹುದೆಂಬ ಶಂಕೆಯಿಂದ ಆ ವಸ್ತು ಗಮನ ಸೆಳೆಯಿತು. ಚಿಪ್ಸ್ ತಯಾರಕರು ಆಲೂಗಡ್ಡೆಯನ್ನು 2ರಿಂದ 4 ಡಿಗ್ರಿಯ ಮಾಮೂಲಿ ಶೀತಲಗೃಹದಲ್ಲಿಡದೆ 10 ಡಿಗ್ರಿಯ ಆಸುಪಾಸಿನಲ್ಲಿ ಇಡುವುದಕ್ಕೆ ಕಾರಣ ಈ ಸಕ್ಕರೆಯೇ. ಹಾಗೆಂದು ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ವಿಷವಾಗುತ್ತದೆಂದು ಹೆದರುವುದೂ ಅತಿರೇಕ: ಬೇಯಿಸುವಾಗ ಉಷ್ಣಾಂಶ ನೀರಿನ ಕುದಿಬಿಂದುವಿನ ಹತ್ತಿರವೇ ಇರುವುದರಿಂದ ಸಾಂಬಾರು, ಸಾಗುಗಳಿಗೆ ಈ ಚಿಂತೆ ಬೇಕಿಲ್ಲ, ಕರಿಯುವುದಿದ್ದರೆ ಮಾತ್ರ ಎರಡು, ಮೂರು ವಾರ ಹೊರಗಿಟ್ಟು ಬಳಸಿದರೆ ಸಕ್ಕರೆಯ ಒಂದು ಪಾಲು ಮರಳಿ ಪಿಷ್ಟವಾಗುತ್ತದೆ.

ಸಿಹಿಗೆಣಸಿಗೆ ಚಳಿಯೇ ಆಗದು. 12 ಡಿಗ್ರಿಗಿಂತ ತಣ್ಣಗಿನ ಜಾಗದಲ್ಲಿ ದಿನಗಟ್ಟಲೆ ಇಟ್ಟರೆ ಅದರ ತಿರುಳು ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುವುದುಂಟು, ಒಳಗೆ ಕಪ್ಪು ಕಲೆಗಳೂ ಏಳುತ್ತವೆ. ಅಗೆದ ಮೇಲೆ 30 ಡಿಗ್ರಿಯ ಸುಮಾರಿನ ಶಾಖದಲ್ಲಿ, ತೇವದ ಗಾಳಿಯಲ್ಲಿ ಒಂದು ವಾರದ ಮಟ್ಟಿಗೆ ಇಟ್ಟರೆ ಅಗೆಯುವಾಗಿನ ಗಾಯಗಳ ಮೇಲೆ ಬೆಂಡಿನಂಥ ಪದರ ಬೆಳೆದು ಗೆಣಸು ತಿಂಗಳುಗಳ ಕಾಲ ಬಾಳುತ್ತದೆ, ರುಚಿಯೂ ಸಿಹಿಯಾಗುತ್ತದೆ. ಮರಗೆಣಸು ಇದಕ್ಕೆ ತೀರ ವಿರುದ್ಧ. ಕಿತ್ತ ಎರಡು, ಮೂರು ದಿನಗಳಲ್ಲಿ ಗಾಯವಾದ ಕಡೆಯಿಂದ ನೀಲಿಗಪ್ಪು ಗೆರೆಗಳು ಒಳಹಬ್ಬುತ್ತವೆ. ಬೇಕಾಗುವ ತನಕ ನೆಲದಲ್ಲೇ ಬಿಡುವುದು, ಇಲ್ಲವೆ ಕೇರಳದವರಂತೆ ಹೋಳುಗಳನ್ನು ಅರೆಬೇಯಿಸಿ ಒಣಗಿಸಿಡುವುದು, ಇವೇ ಅದರ ಹಳೆಯ ಮತ್ತು ಇಂದಿಗೂ ಸರಿಯಾದ ಉಪಾಯಗಳು.

ತಪ್ಪು ಕಲ್ಪನೆ: “ಮೊಳಕೆ ಕಾಳಿನಂತೆ ಮೊಳಕೆಯೊಡೆದ ಆಲೂಗಡ್ಡೆಯೂ ಪೌಷ್ಟಿಕ, ಹಸಿರಾದದ್ದು ಬೇಯಿಸಿದರೆ ಸರಿಹೋಗುತ್ತದೆ.”

ಹೆಸರುಕಾಳಿನ ಮೊಳಕೆಗೂ ಆಲೂಗಡ್ಡೆಯ ಮೊಳಕೆಗೂ ಹೆಸರಿನಲ್ಲಷ್ಟೇ ಹೋಲಿಕೆ. ಆಲೂಗಡ್ಡೆ ತನ್ನ ಎಳೆಯ ಚಿಗುರನ್ನು ಕೀಟಗಳಿಂದ ಕಾಪಾಡಲು ಸೊಲನಿನ್, ಚಾಕೊನಿನ್ ಎಂಬ ವಿಷಕಾರಿ ಸಂಯುಕ್ತಗಳನ್ನು ಮೊಳಕೆಯಲ್ಲಿ ತುಂಬುತ್ತದೆ; ಬೆಳಕಿಗೆ ಒಡ್ಡಿದಾಗ ಸಿಪ್ಪೆಯಡಿಯಲ್ಲಿಯೂ ಅವು ಹೆಚ್ಚುತ್ತವೆ. ಹಸಿರು ಬಣ್ಣ ನಿರಪಾಯಕಾರಿ ಪತ್ರಹರಿತ್ತೇ ಆದರೂ, ಬೆಳಕು ಬಿದ್ದಿದೆಯೆಂದು ಅದು ಸಾರಿ ಹೇಳುತ್ತದೆ. ಕಿಲೋಗೆ 200 ಮಿಲಿಗ್ರಾಂ ಎಂಬುದು ಈ ಸಂಯುಕ್ತಗಳಿಗೆ ಸಾಮಾನ್ಯವಾಗಿ ಒಪ್ಪಿರುವ ಮಿತಿ, ಮತ್ತು ಕುದಿಸುವುದರಿಂದ ಅವು ಹೇಳಿಕೊಳ್ಳುವಷ್ಟು ನಾಶವಾಗುವುದಿಲ್ಲ. ಗಟ್ಟಿಯಾಗಿಯೇ ಇರುವ ಗೆಡ್ಡೆಯಲ್ಲಿ ಚಿಕ್ಕ ಮೊಳಕೆಯನ್ನು ಕಣ್ಣಿನ ಸಮೇತ ಆಳವಾಗಿ ಕೆತ್ತಿ ತೆಗೆದು ಬಳಸಬಹುದು. ಸುಕ್ಕುಗಟ್ಟಿದ್ದು, ಬಹುಭಾಗ ಹಸಿರಾದದ್ದು, ಕಹಿಯಾದದ್ದು ಕಸಕ್ಕೆ ಸೇರಬೇಕಾದವು. ಗೋಣಿಚೀಲ ಹೊದಿಸಿ ಕತ್ತಲೆಯ ಮೂಲೆಯಲ್ಲಿಡುವ ಹಳೆಯ ರೂಢಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಸಂಗ್ರಹಣೆಯ ಮೇಲೆ ಹೊರಿಸುವ ದೂರಿನಲ್ಲಿ ಅಡುಗೆಯ ಪಾಲೂ ಇದೆ. ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಬೇಯಿಸಿದ ನೀರನ್ನು ಬಸಿದು ಚೆಲ್ಲಿದಾಗ, ತಿಂಗಳುಗಟ್ಟಲೆ ದಾಸ್ತಾನಿನಲ್ಲಿಯೂ ಅಲುಗದೆ ಉಳಿದಿದ್ದ ಪೊಟ್ಯಾಸಿಯಂ ಕೂಡ ಅರ್ಧ ಗಂಟೆಯೊಳಗೆ ಆ ನೀರಿನೊಂದಿಗೆ ಬಚ್ಚಲಿಗೆ ಹೋಗುತ್ತದೆ.